ಡಾಕ್ಟರು ಏನಂದ್ರು?

"ನನಗ ಮಾತ್ರ ಹಿಂಗ ಮಾಡಬ್ಯಾಡ್ರಿ" ಎಂದು ಹೆಂಡತಿ ಪದ್ಮಶ್ರೀ ಕೇಳಿಕೊಂಡಾಗ ಶಶಿಕಾಂತ ಗದಗಿನ ಆಸ್ಪತ್ರೆಯ ಹಿಂಬದಿಯ ನಳದ ಕೆಳಗೆ ಅತ್ತೆಯ ಗಂಗಾಳ, ಲೋಟ, ಹಾಲಿನ ತಂಬಿಗೆ ತೊಳೆಯುತ್ತಿದ್ದ. ಅತ್ತೆ ಅನ್ನಪೂರ್ಣವ್ವ ಕಣ್ಣು ಮುಚ್ಚಿ ಇನ್ನೂ ಒಂದು ತಾಸಾಗಿರಲಿಲ್ಲ. 2004ರ ಆಷಾಢ. ಕರುಳಿಗೆಲ್ಲ ಹಬ್ಬಿದ್ದ ಕ್ಯಾನ್ಸರನ್ನು ಮನೆಮಂದಿಯೆಲ್ಲ ಒಂದಾಗಿ ಆಕೆಗೆ "ಉಷ್ಣದ ಹುಣ್ಣು" ಎಂದು ನಂಬಿಸಿದ್ದರು. ಅಳಿಯನೂ ನಂಬಿಸಿದ್ದ. ಹಿಂದಿನ ಸಂಜೆಯಷ್ಟೇ ಆಕೆ ಬರುವ ಪಂಚಮಿಗೆ ಶೇಂಗಾ ಉಂಡಿ ಯಾರು ಕಟ್ಟಬೇಕು, ತಂಬಿಟ್ಟು ಯಾರು ಮಾಡಬೇಕು ಎಂದು ಮಗಳಿಗೆ ಹಂಚಿಕೊಟ್ಟಿದ್ದಳು.

"ಅವ್ವಗ ಗೊತ್ತಿದ್ರ ಹಬ್ಬದ ಮಾತ ಆಡ್ತಿದ್ಲೇನು? ಬ್ಯಾರೆ ಏನರ ಆಡ್ತಿದ್ಲು. ಆಕೀ ಕಡೀ ಮಾತು ನಾವು ಕಸಗೊಂಡ್ವಿ" ಎಂದಳು ಪದ್ಮಶ್ರೀ. "ನಾಳಿ ನನಗ ಏನರ ಬಂತಂದ್ರ ಮೊದಲ ನನಗ ಹೇಳ್ರಿ. ಎಲ್ಲಾ ಹೇಳ್ರಿ."

"ಆತು, ಹೇಳ್ತೇನಿ."

"ಬಾಯಿಲೆ ಅಲ್ಲ, ಕೈ ಹಿಡದು ಹೇಳ್ರಿ."

ಶಶಿಕಾಂತ ನಳ ನಿಲ್ಲಿಸಿ, ಒದ್ದೆ ಕೈಯಿಂದಲೇ ಅವಳ ಕೈ ಹಿಡಿದ. "ಏನ ಇದ್ರೂ ಮೊದಲ ನಿನಗ ಹೇಳ್ತೇನಿ" ಎಂದು ಮಾತು ಕೊಟ್ಟ.

ಏಳು ವರ್ಷದ ನಂತರ ಅವರು ರಾಟರ್‌ಡ್ಯಾಮಿಗೆ ಬಂದರು. ಶಶಿಕಾಂತನಿಗೆ ಬಂದರಿನ ಎಣ್ಣೆ ಟ್ಯಾಂಕುಗಳ ಕಂಪನಿಯೊಂದರಲ್ಲಿ ಅಳತೆ ಉಪಕರಣಗಳ ಎಂಜಿನಿಯರ್ ಕೆಲಸ, ವಾರಕ್ಕೊಮ್ಮೆ ಬದಲಾಗುವ ಪಾಳಿ. ಮಗ ಈಶಾನ್ ಒಂದು ವರ್ಷದಲ್ಲಿ ಡಚ್ಚಿನಲ್ಲಿ ಜಗಳ ಆಡುವಷ್ಟಾದ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದ್ದ ಪದ್ಮಶ್ರೀಗೆ ಮಾತ್ರ ಇಂಗ್ಲಿಷು ಅಕ್ಷರ ಕೂಡಿಸಿ ಓದಲು ಬರುತ್ತಿತ್ತೇ ಹೊರತು ಕೇಳಿದರೆ ತಿಳಿಯುತ್ತಿರಲಿಲ್ಲ, ಬಾಯಿಗೂ ಬರುತ್ತಿರಲಿಲ್ಲ. ಅಂಗಡಿ, ಶಾಲೆ, ಟ್ರಾಮು ಎಲ್ಲ ಕಡೆಗೂ ಅವಳ ಹತ್ತಿರ ಎರಡೇ ಮಾತು: "ಯೆಸ್", "ಥ್ಯಾಂಕ್ಯೂ". ಅವೆರಡರಲ್ಲೇ ಓಣಿಯ ಮುದುಕಿಯರನ್ನೆಲ್ಲ ಪರಿಚಯ ಮಾಡಿಕೊಂಡಿದ್ದಳು.

ಆ ಎರಡು ಮಾತು ಸಾಲದಿದ್ದದ್ದು ವೈದ್ಯರ ಹತ್ತಿರ. ಆ ದೇಶದಲ್ಲಿ ಏನೇ ಆಗಲಿ ಮೊದಲು ಹೌಸ್‌ಆರ್ಟ್ಸ್, ಅಂದರೆ ತಮ್ಮ ಬಡಾವಣೆಯ ಮನೆವೈದ್ಯರು. ಅವರು ಚೀಟಿ ಬರೆದರೆ ಮಾತ್ರ ದೊಡ್ಡಾಸ್ಪತ್ರೆ. ಮುಂಜಾನೆ ಎಂಟಕ್ಕೆ ಫೋನು ಹಚ್ಚಬೇಕು, ಎತ್ತಿಕೊಂಡ ಹುಡುಗಿಗೆ ಏನಾಗಿದೆ ಎಂದು ವಿವರಿಸಬೇಕು, ಅವಳಿಗೆ ಒಪ್ಪಿಗೆಯಾದರೆ ಹತ್ತು ನಿಮಿಷದ ಭೇಟಿ. ಹತ್ತು ನಿಮಿಷಕ್ಕೆ ಒಂದು ತಕರಾರು; ಮೊಣಕಾಲೂ ಕೆಮ್ಮೂ ಒಟ್ಟಿಗೆ ಇದ್ದರೆ ಮೊದಲೇ ಎರಡು ಭೇಟಿ ಕೇಳಿಕೊಳ್ಳಬೇಕು. ಬಹುತೇಕ ಕಾಯಿಲೆಗೆ ಪ್ಯಾರಾಸಿಟಮಾಲ್, ಇಲ್ಲವೆ ಎರಡು ವಾರ ಕಾದು ನೋಡು ಎಂಬ ಉಪದೇಶ.

"ನಮ್ಮೂರಾಗ ಕಂಪೌಂಡರ್ ಸೈತ ಒಂದ ಸೂಜಿ ಮಾಡಿ ಕಳಸ್ತಾನ" ಎಂದು ಪದ್ಮಶ್ರೀ ಆಡಿಕೊಳ್ಳುತ್ತಿದ್ದಳು. "ಈಕಿ ಬರೇ ನೀರು ಕುಡಿ, ಅಡ್ಡ್ಯಾಡು ಅಂತಾಳ. ಅದನ್ನ ಹೇಳಾಕ ಡಾಕ್ಟರ್ ಆಗಬೇಕಾಗಿತ್ತೇನು, ಅತ್ತಿ ಆಗಿದ್ರ ಸಾಕಾಗಿತ್ತು." ಆದರೂ ಅವಳಿಗೆ ಆ ಡಾಕ್ಟರ್ ಮೇಲೆ ಪ್ರೀತಿಯಿತ್ತು. ಐವತ್ತು ದಾಟಿದ ಹೆಂಗಸು, ಮಳೆಯಲ್ಲೂ ಸೈಕಲ್ಲಿನ ಮೇಲೆ ಬರುವವಳು. ಪದ್ಮಶ್ರೀ ಆಕೆಗೆ ಸೈಕಲ್‌ಬಾಯಿ ಎಂದು ಹೆಸರಿಟ್ಟಿದ್ದಳು.

ಇಬ್ಬರ ನಡುವೆ ಮಾತು ದಾಟಿಸುವವನು ಶಶಿಕಾಂತ. ಹತ್ತು ನಿಮಿಷ ಅವನಿಗೆ ಒಂದು ಕಸುಬನ್ನು ಕಲಿಸಿತ್ತು. ಹೆಂಡತಿಯ ಉದ್ದ ಮಾತನ್ನು ಕತ್ತರಿಸಿ ಡಾಕ್ಟರಿಗೆ ಕೊಡುವುದು, ಡಾಕ್ಟರ ಉದ್ದ ಮಾತನ್ನು ಕತ್ತರಿಸಿ ಹೆಂಡತಿಗೆ ಕೊಡುವುದು. ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವನಿಗೆ ಅದು ಸುಲಭವೂ ಆಗಿತ್ತು.

2013ರ ಅಕ್ಟೋಬರಿನಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಸೈಕಲ್‌ಬಾಯಿಯ ಎದುರಿನ ಕುರ್ಚಿಯಲ್ಲಿ ಕೂತಾಗಲೂ ಹಾಗೇ ಆಯಿತು.

"ಉಂಡ ಮ್ಯಾಲ ಬ್ಯಾನಿ ಬೆನ್ನಿಗೆ ಹೊಕ್ಕೊಂಡು ಹೋಗ್ತೈತಿ ಅಂತ ಹೇಳ್ರಿ. ಗ್ವಾಡಿಗೆ ಮೊಳಿ ಬಡದಂಗ ಆಗ್ತೈತಿ. ಮಕ್ಕೊಂಡ್ರ ಜಾಸ್ತಿ, ಮುಂದ ಬಾಗಿ ಕುಂತ್ರ ಕಡಿಮಿ. ರೊಟ್ಟಿ ಬಾಯಾಗ ಮಣ್ಣ ಆಗ್ಯಾವ. ಜಂಪರೆಲ್ಲಾ ಸಡಲಾಗ್ಯಾವ, ಎರಡ ಸರತಿ ಹೊಲಿಗಿ ಒಳಗ ತಗೊಂಡೀನಿ. ಎಲ್ಲಾ ಹೇಳ್ರಿ ಮತ್ತ."

ಶಶಿಕಾಂತ ರಾತ್ರಿಯೆಲ್ಲ ಟ್ಯಾಂಕಿನ ಮೇಲೆ ಗಾಳಿಯಲ್ಲಿ ನಿಂತು ಬಂದಿದ್ದ. ಜಂಪರಿನ ಮಾತು ಬರುವಷ್ಟರಲ್ಲಿ ಅವನ ಕಿವಿ ಮುಚ್ಚಿಯಾಗಿತ್ತು. "ಊಟದ ನಂತರ ಹೊಟ್ಟೆನೋವು. ಎರಡು ಮೂರು ವಾರದಿಂದ. ಆಸಿಡಿಟಿ ಇರಬಹುದು" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತ, "ತೂಕ ಇಳಿದಿದೆಯೇ?" ಎಂದು ಕೇಳಿದರು.

"ಇಲ್ಲ" ಎಂದ ಶಶಿಕಾಂತ. ಅವಳನ್ನು ಕೇಳಲಿಲ್ಲ.

"ಏನಂದ್ರು?"

"ಏನಿಲ್ಲ. ಗುಳಿಗಿ ಬರಕೊಡ್ತಾರ."

ನಾಲ್ಕು ವಾರ ದಿನಕ್ಕೊಂದು ಗುಳಿಗೆ. ಮತ್ತೆ ಭೇಟಿ, ಮತ್ತೆ ಮೂರು ವಾರ ಅದೇ ಗುಳಿಗೆ ಎರಡು. ಡಿಸೆಂಬರಿನಲ್ಲಿ ಅವಳ ಕಣ್ಣಿನ ಬಿಳಿ ಅರಿಸಿನವಾದ ದಿನ ಡಾಕ್ಟರು ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಹೆಸರು ನೋಂದಾಯಿಸಿದಾಗ ಬರೆದುಕೊಂಡಿದ್ದಕ್ಕಿಂತ ಎಂಟು ಕಿಲೊ ಕಡಿಮೆ.

"ಅಕ್ಟೋಬರಿನಲ್ಲಿ ಇಳಿದಿಲ್ಲ ಎಂದಿದ್ದಿರಿ" ಎಂದರು ಡಾಕ್ಟರು. ದನಿ ಏರಿಸಲಿಲ್ಲ. ಆಗಲೇ ಫೋನು ಎತ್ತಿಕೊಂಡು ದೊಡ್ಡಾಸ್ಪತ್ರೆಯ ಜೊತೆ ಮಾತಾಡತೊಡಗಿದ್ದರು.

"ಏನಂದ್ರು?"

"ತೂಕ ಇಳದೈತಿ ಅಂದ್ರು."

"ಅದನ್ನ ನಾ ಆವತ್ತ ಹೇಳಿದ್ನಲ್ಲ!" ಎಂದು ನಕ್ಕಳು ಪದ್ಮಶ್ರೀ. "ಪಾಪ, ಆಕೀಗಿ ಈಗ ಗೊತ್ತಾತು."

ದೊಡ್ಡಾಸ್ಪತ್ರೆಯ ತಜ್ಞ ಎತ್ತರದ, ತೆಳ್ಳಗಿನ ಮನುಷ್ಯ. ಸ್ಕ್ಯಾನ್ ತೋರಿಸುವ ಪರದೆಯನ್ನು ಶಶಿಕಾಂತನ ಕಡೆ ತಿರುಗಿಸದೆ ಪದ್ಮಶ್ರೀಯ ಕಡೆ ತಿರುಗಿಸಿದ. ಮಾತನ್ನೂ ಅವಳ ಮುಖ ನೋಡಿಯೇ ಆಡಿದ. ಮೇದೋಜೀರಕ ಗ್ರಂಥಿಯಲ್ಲಿ ಗಂಟು. ಅದು ಪಿತ್ತನಾಳವನ್ನು ಒತ್ತಿರುವುದರಿಂದ ಕಣ್ಣು ಹಳದಿ. ಒಂದು ಚಿಕ್ಕ ಕೊಳವೆ ಇಟ್ಟು ಅದನ್ನು ಸರಿಮಾಡಬಹುದು. ಆದರೆ, ಕ್ಯಾನ್ಸರ್ ಎಂಬ ಪದ ಆಡದೆ, ಗಂಟು 'ಮ್ಯಾಲಿಗ್ನಂಟ್', ಯಕೃತ್ತಿಗೆ ಹರಡಿದೆ ಎಂದ. ಶಸ್ತ್ರಕ್ರಿಯೆ ಸಾಧ್ಯವಿಲ್ಲ. ಗುಣ ಮಾಡಲು ಬರುವುದಿಲ್ಲ. ಕೀಮೋ ಕೊಟ್ಟರೆ ಕೆಲವು ವಾರ ಹೆಚ್ಚು ಸಿಗಬಹುದು, ಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಬೇಕು. ಉಳಿದಿರುವುದು ಆರು ತಿಂಗಳಿರಬಹುದು, ಕಡಿಮೆಯೂ ಇರಬಹುದು. ಇಷ್ಟು ಹೇಳಿ ಕೈ ಕಟ್ಟಿ ಕೂತ, ಮಾತು ದಾಟಲಿ ಎಂದು.

ಶಶಿಕಾಂತ ಅವಳ ಕಡೆ ತಿರುಗಿದ. "ಒಳಗ ಒಂದ ಗಂಟ ಆಗೈತಂತ. ಪಿತ್ತದ ಹಾದಿಗೆ ಅಡ್ಡ ಬಂದೈತಂತ. ಸಣ್ಣ ನಳಿಗಿ ಹಾಕಿ ಹಾದಿ ಬಿಡಸ್ತಾರಂತ" ಎಂದ. ಒಂದೊಂದು ಮಾತೂ ನಿಜವಾಗಿತ್ತು.

"ಅಷ್ಟ?"

"ಅಷ್ಟ."

"ಅವರು ಅಷ್ಟೊತ್ತ ಮಾತಾಡಿದ್ರಲ್ಲರೀ! ನೀವು ತಾರ್ ಹೊಡದಂಗ ನಾಕ ಮಾತಿನೊಳಗ ಹೇಳ್ತೀರಿ." ತಜ್ಞನ ಕಡೆ ತಿರುಗಿ, "ಯೆಸ್. ಥ್ಯಾಂಕ್ಯೂ ಡಾಕ್ಟರ್" ಎಂದು ತಲೆ ಆಡಿಸಿದಳು. ಆ ಮನುಷ್ಯ ಅವಳ ಧೈರ್ಯಕ್ಕೆ ಬೆರಗಾದವನಂತೆ ಎದ್ದು ಕೈ ಕುಲುಕಿದ.

ಹೊರಡುವಾಗ ಶಶಿಕಾಂತ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದ. ಏಳು ವಾರ ಮೊದಲೇ ಗೊತ್ತಾಗಿದ್ದರೆ?

"ಬಹುಶಃ ಇದೇ ಆಗುತ್ತಿತ್ತು. ಖಚಿತವಾಗಿ ಯಾರೂ ಹೇಳಲಾರರು."

ಮನೆಗೆ ಹೋಗಿ ಹೇಳುತ್ತೇನೆ ಎಂದುಕೊಂಡ. ಮನೆಯಲ್ಲಿ ಈಶಾನ್ ಇದ್ದ. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಕೊಳವೆ ಇಡುವ ದಿನ. ಕೊಳವೆ ಇಟ್ಟ ಮೇಲೆ ಹಳದಿ ಇಳಿಯಿತು, ಅವಳು ಅರ್ಧ ರೊಟ್ಟಿ ಉಂಡಳು, ಒಂದು ದಿನ ಮುಕ್ಕಾಲು. ಚೇತರಿಸಿಕೊಂಡವಳ ಎದುರು ಹೇಗೆ ಹೇಳುವುದು? ಹೇಳಬೇಕೆಂದರೆ ಅಕ್ಟೋಬರಿನಿಂದ ಹೇಳಬೇಕಿತ್ತು. ನೀನು ಜಂಪರಿನ ಮಾತು ಹೇಳಿದ್ದೆ, ನಾನು ಹೇಳಲಿಲ್ಲ; ತೂಕ ಇಳಿದಿದೆಯೇ ಎಂದು ಕೇಳಿದ್ದರು, ನಿನ್ನನ್ನು ಕೇಳದೆ ಇಲ್ಲವೆಂದೆ. ಆ ಮೊದಲ ವಾಕ್ಯವನ್ನೇ ಅವನು ಮುಂದೂಡುತ್ತ ಹೋದ. ಕೀಮೋ ಬೇಡವಂತೆ ಎಂದು ತಜ್ಞನಿಗೆ ಕಚೇರಿಯಿಂದಲೇ ಫೋನು ಮಾಡಿ ತಿಳಿಸಿದ. ಕೂದಲು ಉದುರಿದರೆ ಅವಳಿಗೆ ತಾನಾಗಿಯೇ ಗೊತ್ತಾಗುತ್ತಿತ್ತು.

ಫೆಬ್ರವರಿಯಿಂದ ಸೈಕಲ್‌ಬಾಯಿ ವಾರಕ್ಕೊಮ್ಮೆ ಮನೆಗೇ ಬರತೊಡಗಿದರು. ಗಡಿಯಾರ ನೋಡುತ್ತಿರಲಿಲ್ಲ. ಕೋಟು ತೆಗೆದು ಕುರ್ಚಿಗೆ ಹಾಕಿ, ಪದ್ಮಶ್ರೀ ಕೊಟ್ಟ ಚಹಾ ಕುಡಿದು, ಅರ್ಧ ತಾಸು ಕೂರುತ್ತಿದ್ದರು. ಹೆದರಿಕೆ ಆಗುತ್ತಿದೆಯೇ, ಏನಾದರೂ ಮಾಡಿ ಮುಗಿಸಬೇಕೆಂಬ ಆಸೆ ಇದೆಯೇ, ಮಗನಿಗೆ ಏನು ಹೇಳಿದ್ದೀರಿ ಎಂದು ಕೇಳುತ್ತಿದ್ದರು. ಶಶಿಕಾಂತ ಅದನ್ನು "ಹೊಟ್ಟಿ ಹೆಂಗೈತಿ, ನಿದ್ದಿ ಬರ್ತೈತೇನು ಅಂತ ಕೇಳ್ತಾರ" ಎಂದು ದಾಟಿಸುತ್ತಿದ್ದ. "ನಿದ್ದಿ ಬರ್ತೈತಿ, ಇವರ ಗೊರಕಿ ನಿಲ್ಲಸೂ ಗುಳಿಗಿ ಇದ್ರ ಕೊಡ್ರಿ ಅಂತ ಹೇಳ್ರಿ" ಎನ್ನುತ್ತಿದ್ದಳು ಪದ್ಮಶ್ರೀ.

ಒಂದು ದಿನ ಬಾಗಿಲಲ್ಲಿ ಸೈಕಲ್ಲಿನ ಬೀಗ ತೆಗೆಯುತ್ತ ಡಾಕ್ಟರು ನಿಂತರು. "ನಾನು ಐದು ವಾಕ್ಯ ಹೇಳಿದೆ. ನೀವು ಒಂದು ಹೇಳಿದಿರಿ. ಅವರು ನಕ್ಕರು."

"ನಮ್ಮ ಭಾಷೆಯಲ್ಲಿ ಕಡಿಮೆ ಮಾತು ಸಾಕು" ಎಂದ ಶಶಿಕಾಂತ.

ಡಾಕ್ಟರು ನಗಲಿಲ್ಲ. "ಅವರಿಗೆ ಗೊತ್ತಿಲ್ಲ, ಅಲ್ಲವೆ?"

ಅವನು ಸೈಕಲ್ಲಿನ ಬುಟ್ಟಿ ನೋಡುತ್ತ ನಿಂತ.

"ಮೊದಲು ಸರ್ಕಾರ ಫೋನಿನಲ್ಲಿ ದುಭಾಷಿ ಕೊಡುತ್ತಿತ್ತು, ಈಗ ಅದೂ ನಿಂತಿದೆ. ನಿಮ್ಮ ಭಾಷೆ ಬಲ್ಲ ಬೇರೆ ಯಾರಾದರೂ ಇದ್ದಾರೆಯೆ?"

"ಇಲ್ಲ" ಎಂದ. ಸುಪ್ರೀತಾ ಪ್ರತಿ ಭಾನುವಾರ ಅವರ ಮನೆಯಲ್ಲೇ ಉಣ್ಣುತ್ತಿದ್ದಳು. ಮಂಡ್ಯದ ಹುಡುಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು.

"ನನ್ನ ರೋಗಿ ಅವರು, ನೀವಲ್ಲ. ಅವರ ಬದುಕು ಅವರಿಗೆ ಗೊತ್ತಿರಬೇಕು. ಗಂಡನ ಬಾಯಿಂದ ಕೇಳುವುದು ಒಳ್ಳೆಯದು, ಅದಕ್ಕೇ ಶುಕ್ರವಾರದವರೆಗೆ ಬಿಡುತ್ತೇನೆ. ಆಮೇಲೆ ನಾನೇ ಯಾರನ್ನಾದರೂ ಹುಡುಕುತ್ತೇನೆ."

"ನಾನೇ ಹೇಳುತ್ತೇನೆಂದು ಅವಳಿಗೆ ಹಿಂದೆಯೇ ಮಾತು ಕೊಟ್ಟಿದ್ದೇನೆ" ಎಂದ ಶಶಿಕಾಂತ. ಡಾಕ್ಟರು ಅವನ ತೋಳು ಮುಟ್ಟಿ ಸೈಕಲ್ ಹತ್ತಿದರು.

ಗುರುವಾರ ಸಂಜೆ ಪದ್ಮಶ್ರೀ ದಿಂಬಿಗೆ ಒರಗಿ, ಟರ್ಕಿಯವರ ಅಂಗಡಿಯಿಂದ ತಂದ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವನು ಎದುರಿಗೆ ಕೂತ.

"ಪದ್ಮಾ, ಡಾಕ್ಟರ್ ಒಂದ ಮಾತ ಹೇಳ್ಯಾರ."

"ಹೇಳ್ರಿ. ಪೂರಾ ಹೇಳ್ರಿ ಆದ್ರ, ನಿಮ್ಮ ತಾರ್ ಬ್ಯಾಡ."

ಅವಳ ಕೈ ನಿಂತಿತ್ತು. ಬೆರಳುಗಳು ಎಷ್ಟು ಸಣ್ಣಗಾಗಿದ್ದವೆಂದರೆ ಉಂಗುರಕ್ಕೆ ದಾರ ಸುತ್ತಿಕೊಂಡಿದ್ದಳು. ಅವನು ಅದನ್ನೇ ನೋಡುತ್ತ, "ಉಪ್ಪು, ಎಣ್ಣಿ ಕಡಿಮಿ ಮಾಡಬೇಕಂತ" ಎಂದ.

"ಇದನ್ನ ಹೇಳಾಕ ಇಷ್ಟ ಮಾರಿ ಸಣ್ಣದ ಮಾಡ್ಕೊಂಡ ಕುಂತೀರೇನು? ನಾ ಏನೋ ಅಂತ ಅಂಜಿದ್ನಿ." ಮತ್ತೆ ಸೊಪ್ಪಿಗೆ ಕೈ ಹಾಕಿದಳು. ತಲೆ ಎತ್ತದೆ ಹೇಳಿದಳು: "ಒಮ್ಮೊಮ್ಮೆ ಅನಸ್ತೈತಿ, ಅವ್ವಗಾದಂಗ ಆಗೇತೇನೋ ಅಂತ. ಆಮ್ಯಾಲ ನಾನ ಅಂದ್ಕೋತೀನಿ, ಹಂಗೇನರ ಇದ್ರ ಇವರು ಹೇಳ್ತಿದ್ರು ಅಂತ. ಅದಕ್ಕ ನಾ ಕೇಳೂದಿಲ್ಲ ನೋಡ್ರಿ."

ಶಶಿಕಾಂತ ಎದ್ದು ಒಳಗೆ ಹೋಗಿ ನೀರು ಕುಡಿದ. ಮರುದಿನ ಡಾಕ್ಟರು ಫೋನು ಮಾಡಿದಾಗ, "ಹೇಳಿದೆ" ಎಂದ.

"ಹೇಗೆ ತೆಗೆದುಕೊಂಡರು?"

"ಶಾಂತವಾಗಿ."

ಮುಂದಿನ ವಾರ ಡಾಕ್ಟರು ಬಂದವರೇ ಪದ್ಮಶ್ರೀಯ ಎರಡೂ ಕೈ ಹಿಡಿದುಕೊಂಡು, ನಿಧಾನವಾಗಿ, ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ, "ಶಶಿ ನಿಮಗೆ ಎಲ್ಲ ಹೇಳಿದನೆ?" ಎಂದು ಕೇಳಿದರು. ಶಶಿಕಾಂತ ಕಿಟಕಿಯ ಹತ್ತಿರ ನಿಂತಿದ್ದ. ಗಂಡನ ಹೆಸರು ಕೇಳಿ ಪದ್ಮಶ್ರೀಯ ಮುಖ ಅರಳಿತು. "ಯೆಸ್, ಯೆಸ್. ಥ್ಯಾಂಕ್ಯೂ ಡಾಕ್ಟರ್." ಡಾಕ್ಟರ ಕಣ್ಣು ಒದ್ದೆಯಾದವು. ಅವರು ಹೋದ ಮೇಲೆ ಪದ್ಮಶ್ರೀ, "ಈಕಿ ಯಾಕ ಅತ್ಲು? ಮನ್ಯಾಗ ಏನರ ತ್ರಾಸ ಐತೇನ ಪಾಪ" ಎಂದಳು. "ಸೆಪ್ಟೆಂಬರದಾಗ ಲೈಬ್ರರಿಯೊಳಗ ಡಚ್ ಕ್ಲಾಸ್ ಚಾಲೂ ಆಗ್ತಾವಂತ, ಸುಪ್ರೀತಾನ ಕಡೆಯಿಂದ ಹೆಸರ ಹಚ್ಚೀನಿ. ಆಮ್ಯಾಲ ನಾನ ಆಕೀ ಸುಖ ದುಃಖ ಕೇಳ್ತೀನಿ. ನೀವು ನಡುವ ಬರೂದ ಬ್ಯಾಡ."

ಆ ಭಾನುವಾರ ಸುಪ್ರೀತಾ ಪಾತ್ರೆ ಒರೆಸುತ್ತ ಅಡುಗೆಮನೆಯಲ್ಲಿ ಶಶಿಕಾಂತನಿಗೆ ಮೆಲ್ಲಗೆ ಕೇಳಿದಳು. "ಅಣ್ಣ, ನಾನು ಡಚ್ ಕ್ಲಾಸಿಗೆ ರಿಜಿಸ್ಟರ್ ಮಾಡ್ದೆ. ಆದ್ರೆ ಅಕ್ಕ ದಿನಾ ಇಳಿದು ಹೋಗ್ತಿದಾರೆ. ಡಾಕ್ಟರ್ ನಿಜವಾಗ್ಲೂ ಏನ್ ಹೇಳ್ತಿದಾರೆ? ನಾನು ಒಂದ್ಸಲ ಕೂತ್ಕೊಂಡು ಮಾತಾಡ್ಲಾ?"

"ಬ್ಯಾಡವಾ. ನಾನ ಹೇಳ್ತೇನಿ."

"ಏನ್ ಹೇಳ್ತೀರ? ಯಾವಾಗ ಹೇಳ್ತೀರ?"

ಅವನು ನಳ ಬಿಟ್ಟು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. ಅವಳಿಗೆ ಉತ್ತರ ಸಿಕ್ಕಿತು. ಬಟ್ಟಲನ್ನು ಕಪಾಟಿನಲ್ಲಿಟ್ಟು ಅವಳು ಅವನ ಮುಖ ನೋಡಿದಳು, ಆಮೇಲೆ ಪದ್ಮಶ್ರೀಯ ಪಕ್ಕ ಹೋಗಿ ಕೂತು ಬಹಳ ಹೊತ್ತು ಹೆರಳು ಹಾಕಿದಳು. ತಾನು ಹೇಳುವುದು ಸರಿಯಲ್ಲ, ಗಂಡ ಹೆಂಡಿರ ಮಾತು ಎಂದುಕೊಂಡಳೋ ಏನೋ.

ಮೇ ತಿಂಗಳ ಹೊತ್ತಿಗೆ ಆಸ್ಪತ್ರೆಯ ಮಂಚ ಮನೆಯ ಮುಂಗೋಣೆಗೆ ಬಂದಿತ್ತು. ದಿನಕ್ಕೆರಡು ಸಲ ನರ್ಸು ಬಂದು ಮೈ ಒರೆಸಿ ಹೋಗುತ್ತಿದ್ದಳು. ನೋವಿಗೆ ಚರ್ಮಕ್ಕೆ ಅಂಟಿಸುತ್ತಿದ್ದ ಔಷಧದ ಪಟ್ಟಿಗಳು ದೊಡ್ಡವಾದವು, ಆಮೇಲೆ ಅವೂ ಸಾಲದಾದವು. ಪದ್ಮಶ್ರೀ ಈಗ ತಮಾಷೆ ಮಾಡುತ್ತಿರಲಿಲ್ಲ. ಅವಳ ಮಾತು ತಾನಾಗಿಯೇ ಗಿಡ್ಡವಾಗಿತ್ತು.

ಶುಕ್ರವಾರ ಸಂಜೆ ಆರಕ್ಕೆ ಡಾಕ್ಟರು ಬಂದರು. ಹೊರಗೆ ಇನ್ನೂ ನಡುಮಧ್ಯಾಹ್ನದಂಥ ಬೆಳಕು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಬಿಡಿಸಿ ಬಿಡಿಸಿ ಹೇಳಿದರು. ನೋವನ್ನು ಇನ್ನು ಬೇರೆ ಯಾವುದರಿಂದಲೂ ತಡೆಯಲು ಆಗುತ್ತಿಲ್ಲ. ಒಂದು ಚಿಕ್ಕ ಪಂಪಿನಿಂದ ಔಷಧ ಹೋಗುತ್ತದೆ, ನೀವು ನಿದ್ದೆ ಹೋಗುತ್ತೀರಿ. ಆ ನಿದ್ದೆಯಿಂದ ನಿಮ್ಮನ್ನು ಎಬ್ಬಿಸುವುದಿಲ್ಲ. ನೋವು ಇರುವುದಿಲ್ಲ. ಒಂದು ದಿನ, ಎರಡು ದಿನ, ಆಮೇಲೆ ಪ್ರಾಣ ಹೋಗುತ್ತದೆ. ನಿಮಗೆ ಒಪ್ಪಿಗೆಯೆ?

ಪದ್ಮಶ್ರೀ ಗಂಡನ ಕಡೆ ನೋಡಿದಳು. "ಡಾಕ್ಟರು ಏನಂದ್ರು?"

"ನಿದ್ದಿ ಬರೂ ಔಷಧ ಕೊಡ್ತಾರಂತ. ಬ್ಯಾನಿ ಇರೂದಿಲ್ಲಂತ."

ಅವಳು ಕಣ್ಣು ಮುಚ್ಚಿ ತೆರೆದಳು. "ಯೆಸ್" ಎಂದಳು ಡಾಕ್ಟರಿಗೆ. "ಥ್ಯಾಂಕ್ಯೂ."

ಡಾಕ್ಟರು ಈಶಾನನನ್ನು ಕರೆಸಿದರು. ಹುಡುಗ ಅವ್ವನ ಕೆನ್ನೆಗೆ ಕೆನ್ನೆ ಹಚ್ಚಿ, ಬಂದ ದಾರಿಯಲ್ಲೇ ಮೇಲೆ ಓಡಿಹೋದ. ಡಾಕ್ಟರು ಎದ್ದು ನಿಂತು ಶಶಿಕಾಂತನಿಗೆ, "ನಾನು ಅಡುಗೆಮನೆಯಲ್ಲಿ ಇರುತ್ತೇನೆ. ನೀವಿಬ್ಬರೂ ಹೇಳಿಕೊಳ್ಳಬೇಕಾದದ್ದನ್ನು ಹೇಳಿಕೊಳ್ಳಿ. ನನಗೆ ಅವಸರವಿಲ್ಲ, ಮುಗಿದಾಗ ಕರೆಯಿರಿ" ಎಂದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ಶಶಿಕಾಂತ ಅವಳ ಕೈ ಹಿಡಿದುಕೊಂಡ. ಈಗ ಹೊತ್ತು ಬೇಕಾದಷ್ಟಿತ್ತು. "ಪದ್ಮಾ" ಎಂದ.

"ಹೂಂ."

"ಅಕ್ಟೋಬರದಾಗ ನೀ ಒಂದ ಮಾತ ಹೇಳಿದ್ದಿ..."

"ಯಾವದ?" ಅವಳ ಹುಬ್ಬು ನೋವಿಗೆ ಗಂಟಿಕ್ಕಿತ್ತು. ಅಡುಗೆಮನೆಯಲ್ಲಿ ನಳ ಬಿಟ್ಟು ನಿಂತ ಸಪ್ಪಳ ಕೇಳಿತು.

"ಏನಿಲ್ಲ ಬಿಡು. ಕಾಲು ಒತ್ತಲೇನು?"

"ಬ್ಯಾಡ. ಕರೀರಿ ಅವರನ್ನ, ತಡಕೊಳ್ಳಾಕ ಆಗವಲ್ದು." ಮೇಲೆ ಕೈ ತೋರಿಸಿ, "ನಾಳಿ ಈಶಾನನ ಈಜಿನ ಪರೀಕ್ಷಿ ಐತಿ. ಏಳಕ್ಕ ಎಬ್ಬಸ್ರಿ ನನ್ನ. ಹೋಗೂ ಮುಂದ ಅವನ ಮಾರಿ ನೋಡ್ತೀನಿ" ಎಂದಳು.

"ಹೂಂ" ಎಂದ ಶಶಿಕಾಂತ.

ಡಾಕ್ಟರು ಒಳಗೆ ಬಂದು ಅವನ ಮುಖ ನೋಡಿದರು. ಮುಗಿಯಿತೆಂಬಂತೆ ಅವನು ತಲೆ ಆಡಿಸಿದ. ತೋಳಿನ ಚರ್ಮದ ಕೆಳಗೆ ಸಣ್ಣ ಸೂಜಿ ಕೂತಿತು, ಪಂಪು ಒಮ್ಮೆ ಚಿಟಕ್ಕೆಂದಿತು. ಅರ್ಧ ತಾಸಿನಲ್ಲಿ ಅವಳ ಹುಬ್ಬು ಸಡಿಲವಾಯಿತು.

ಶನಿವಾರ ಏಳಕ್ಕೆ ಶಶಿಕಾಂತ ಮಂಚದ ಪಕ್ಕ ಕೂತಿದ್ದ. ಸುಪ್ರೀತಾ ಬಂದು ಈಶಾನನನ್ನು ಕರೆದುಕೊಂಡು ಹೋದಳು. ಮಧ್ಯಾಹ್ನ ಹುಡುಗ ಒದ್ದೆ ಕೂದಲಲ್ಲಿ ಪ್ರಮಾಣಪತ್ರ ತಂದು ಅವ್ವನ ಹೊದಿಕೆಯ ಮೇಲೆ ಇಟ್ಟ. ಕಾಗದದ ಮೂಲೆ ಅವಳ ಉಸಿರಿನೊಂದಿಗೆ ಏಳುತ್ತಿತ್ತು, ಇಳಿಯುತ್ತಿತ್ತು.

ಭಾನುವಾರ ಸಂಜೆ ಪದ್ಮಶ್ರೀ ತೀರಿಕೊಂಡಳು. ಏನಿದ್ದರೂ ಮೊದಲು ಅವಳಿಗೇ ಹೇಳುತ್ತೇನೆಂದು ಮಾತು ಕೊಟ್ಟಿದ್ದ ಶಶಿಕಾಂತ ಹೇಳಲಿಲ್ಲ.